ಸಾಮೂಹಿಕ ದಾವೆಯೂ ವಕೀಲರ ಫೀಜೂ

ದೋಷವುಳ್ಳ ಫೋನನ್ನೋ ಲ್ಯಾಪ್‌ಟಾಪನ್ನೋ ಮಾರಿದ ತಯಾರಕರ ಮೇಲೆ ಅಮೆರಿಕದಲ್ಲಿ ಹೂಡಿದ ಸಾಮೂಹಿಕ ದಾವೆಯೊಂದು ರಾಜಿಯಲ್ಲಿ ಮುಗಿದ ಸುದ್ದಿ ಬಂದಾಗಲೆಲ್ಲ, ಅದರ ಬೆನ್ನಿಗೇ ಒಂದು ಮಾತು ತಪ್ಪದೆ ಬರುತ್ತದೆ: ‘ವಕೀಲರಿಗೆ ಕೋಟಿ, ಗ್ರಾಹಕನಿಗೆ ಕಾಫಿಯ ಕಾಸು.’ ವಿದ್ಯಾವಂತರೂ, ಲೆಕ್ಕಪತ್ರ ಬಲ್ಲವರೂ, ಮನೆಯ ಮಿಕ್ಸಿ ಕೆಟ್ಟರೆ ಅಂಗಡಿಯವನ ಮುಂದೆ ಅರ್ಧ ದಿನ ವಾದಿಸಬಲ್ಲವರೂ ಕೂಡ ಈ ಮಾತನ್ನು ಪರೀಕ್ಷಿಸದೆ ಅಂಗೀಕರಿಸಿ, ಇಂಥ ದಾವೆಗಳೆಲ್ಲವೂ ಉದ್ಯಮಿಗಳನ್ನು ಸುಲಿಯುವ ಉಪಾಯಗಳೆಂಬ ನಿರ್ಣಯಕ್ಕೆ ಬಂದುಬಿಡುತ್ತಾರೆ. ಈ ವಿಷಯದಲ್ಲಿ ಪ್ರಚಾರದಲ್ಲಿರುವ ಭ್ರಾಂತಿಗಳು ಹಲವು. ಆದರೆ ಇದರಷ್ಟು ನನ್ನ ತಾಳ್ಮೆಯನ್ನು ಕೆಡಿಸುವುದು ಇನ್ನೊಂದಿಲ್ಲ. ಏಕೆಂದರೆ ಅನ್ಯಾಯಕ್ಕೊಳಗಾದವನ ಬಾಯಿಂದಲೇ ಅವನ ಏಕೈಕ ರಕ್ಷಣೆಯನ್ನು ನಿಂದಿಸುವಂತೆ ಮಾಡುವ ಶಕ್ತಿ ಇದಕ್ಕಿದೆ.

ಒಂದು ಪ್ರಕರಣವನ್ನು ಹತ್ತಿರದಿಂದ ನೋಡೋಣ. 2015ರಲ್ಲಿ ಆ್ಯಪಲ್ ಸಂಸ್ಥೆಯು, ಮ್ಯಾಕ್‌ಬುಕ್ಕನ್ನು ಇನ್ನಷ್ಟು ತೆಳುವಾಗಿಸುವ ಉದ್ದೇಶದಿಂದ, ಕೀಲಿಗಳ ಕೆಳಗೆ ಅದುವರೆಗೆ ಇದ್ದ ಕತ್ತರಿಯಾಕಾರದ ಆಧಾರವನ್ನು ಬಿಟ್ಟು, ‘ಬಟರ್‌ಫ್ಲೈ’ ಎಂದು ಹೆಸರಿಟ್ಟ ಹೊಸ ರಚನೆಯೊಂದನ್ನು ತಂದಿತು. ಕೀಲಿಗೂ ತಳಕ್ಕೂ ನಡುವಣ ಅಂತರ ಎಷ್ಟು ಅಲ್ಪವಾಗಿತ್ತೆಂದರೆ, ಧೂಳಿನ ಒಂದು ಕಣ ಒಳಹೊಕ್ಕರೆ ಸಾಕು, ಕೀಲಿಯನ್ನು ಒತ್ತಿದರೂ ಅಕ್ಷರ ಮೂಡದು, ಇಲ್ಲವೆ ಒಮ್ಮೆ ಒತ್ತಿದ್ದಕ್ಕೆ ಎರಡು ಬಾರಿ ಮೂಡುವುದು. ಯಂತ್ರವನ್ನು 75 ಡಿಗ್ರಿ ಕೋನದಲ್ಲಿ ಓರೆಯಾಗಿ ಹಿಡಿದು, ಒತ್ತಡದ ಗಾಳಿಯನ್ನು ಕೀಲಿಗಳ ಮೇಲೆ ಅಡ್ಡಡ್ಡವಾಗಿ ಹಾಯಿಸಿ, ಅನಂತರ ಯಂತ್ರವನ್ನು ಒಂದು ಮಗ್ಗುಲಿಗೂ ಮತ್ತೊಂದು ಮಗ್ಗುಲಿಗೂ ತಿರುಗಿಸಿ ಅದನ್ನೇ ಪುನಃ ಮಾಡಬೇಕೆಂದು ಸಂಸ್ಥೆಯೇ ಸೂಚನೆ ಪ್ರಕಟಿಸಿತ್ತು. ಸಾವಿರ ಡಾಲರಿಗೂ ಮಿಗಿಲಾಗಿ ಬೆಲೆ ಕೊಟ್ಟವನು ಮಾಡಬೇಕಾಗಿದ್ದ ಕೆಲಸವಿದು. ಅದರಿಂದಲೂ ಸರಿಹೋಗದಿದ್ದರೆ, ಕೀಲಿಮಣೆಯನ್ನು ಮೇಲುಹೊದಿಕೆಗೆ ರಿವೆಟ್ಟುಗಳಿಂದ ಬಿಗಿದು, ಬ್ಯಾಟರಿಯನ್ನೂ ಅದಕ್ಕೇ ಅಂಟಿಸಿದ್ದುದರಿಂದ, ಒಂದು ಅಕ್ಷರದ ದೋಷಕ್ಕಾಗಿ ಅರ್ಧ ಯಂತ್ರವನ್ನೇ ಬದಲಿಸಬೇಕಾಗುತ್ತಿತ್ತು. ವಾರಂಟಿ ಮುಗಿದಿದ್ದರೆ ಖರ್ಚು ನೂರಾರು ಡಾಲರು.

2018ರ ಮೇ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ಸಾಮೂಹಿಕ ದಾವೆ ದಾಖಲಾಯಿತು. ಜೂನ್ ತಿಂಗಳಿನಲ್ಲಿ, ಖರೀದಿಯ ದಿನದಿಂದ ನಾಲ್ಕು ವರ್ಷಗಳವರೆಗೆ ಇಂಥ ಕೀಲಿಮಣೆಗಳನ್ನು ಉಚಿತವಾಗಿ ದುರಸ್ತಿಮಾಡಿಕೊಡುವುದಾಗಿ ಸಂಸ್ಥೆ ಪ್ರಕಟಿಸಿತು. ದಾವೆಯೊಂದೇ ಇದಕ್ಕೆ ಕಾರಣವೆಂದು ಪ್ರಮಾಣಮಾಡಿ ಹೇಳಲಾಗದಿದ್ದರೂ, ಮೂರು ವರ್ಷ ಮೌನವಾಗಿದ್ದ ಔದಾರ್ಯವು ದಾವೆ ಬಿದ್ದ ಆರೇ ವಾರಗಳಲ್ಲಿ ಜಾಗೃತವಾದುದನ್ನು ಆಕಸ್ಮಿಕವೆಂದು ನಂಬುವುದು ನನಗೆ ಸಾಧ್ಯವಿಲ್ಲ. 2022ರಲ್ಲಿ 5 ಕೋಟಿ ಡಾಲರಿಗೆ ರಾಜಿಯಾಯಿತು. ಏಳು ರಾಜ್ಯಗಳ ಗ್ರಾಹಕರ ಪೈಕಿ, ಎರಡು ಅಥವಾ ಹೆಚ್ಚು ಬಾರಿ ಮೇಲುಹೊದಿಕೆ ಬದಲಿಸಿಕೊಂಡವರಿಗೆ 395 ಡಾಲರಿನವರೆಗೆ, ಒಮ್ಮೆ ಬದಲಿಸಿಕೊಂಡವರಿಗೆ 125ರವರೆಗೆ, ಕೀಲಿಯ ಮೇಲ್ಮುಚ್ಚಳ ಮಾತ್ರ ಬದಲಿಸಿಕೊಂಡವರಿಗೆ 50ರವರೆಗೆ ಎಂದು ನಿಗದಿಯಾಯಿತು. ಅಷ್ಟರಲ್ಲಿ ಆ ರಚನೆಯನ್ನೇ ಕೈಬಿಟ್ಟು ಸಂಸ್ಥೆ ಹಳೆಯ ಕತ್ತರಿಯಾಕಾರಕ್ಕೆ ಮರಳಿತ್ತು. ಇದರಲ್ಲಿ ಕಾಫಿಯ ಕಾಸು ಎಲ್ಲಿದೆ?

ಆದರೂ, ವಾದಕ್ಕಾಗಿ, ಗ್ರಾಹಕನಿಗೆ ಐದೇ ಡಾಲರು ಬಂತೆಂದು ಇಟ್ಟುಕೊಳ್ಳೋಣ. ಅಷ್ಟರಿಂದ ದಾವೆ ನಿರರ್ಥಕವೆಂದು ಸಿದ್ಧವಾಗುವುದೆ? ತಕ್ಕಡಿಯ ಕಲ್ಲನ್ನು ತೇಯಿಸಿ ಕಿಲೋ ಸಕ್ಕರೆಗೆ ಇಪ್ಪತ್ತು ಗ್ರಾಂ ಕಡಿಮೆ ತೂಗುವ ವರ್ತಕನಿಂದ ಒಬ್ಬ ಗಿರಾಕಿಗೆ ಆಗುವ ನಷ್ಟ ಒಂದು ರೂಪಾಯಿಯೂ ಇರಲಾರದು. ಆ ಒಂದು ರೂಪಾಯಿಗಾಗಿ ಯಾವ ಗಿರಾಕಿಯೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲವೆಂಬ ಜ್ಞಾನವೇ ವರ್ತಕನ ಬಂಡವಾಳ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಯನ್ನು ಅಮೆರಿಕದ ತಯಾರಕನು ಕೇಳಿರಲಾರ, ಆದರೆ ಅದರ ತಾತ್ಪರ್ಯವನ್ನು ಚೆನ್ನಾಗಿ ಬಲ್ಲ. ನಾನೂರು ಡಾಲರಿನ ದುರಸ್ತಿಗಾಗಿ ಗಂಟೆಗೆ ಅಷ್ಟೇ ಫೀಜು ಕೇಳುವ ವಕೀಲನನ್ನು ಹಿಡಿಯುವ ವಿವೇಕಹೀನನು ಅಲ್ಲಿಯೂ ಇಲ್ಲ. ಆದುದರಿಂದ ಸಾಮೂಹಿಕ ದಾವೆಯನ್ನು ತೆಗೆದುಹಾಕಿದರೆ ಅದರ ಸ್ಥಾನದಲ್ಲಿ ಲಕ್ಷ ಬಿಡಿ ದಾವೆಗಳು ಹುಟ್ಟುವುದಿಲ್ಲ, ಒಂದೂ ಹುಟ್ಟುವುದಿಲ್ಲ. ದೋಷದ ವೆಚ್ಚವೆಲ್ಲ ಕೊಂಡವರ ತಲೆಯ ಮೇಲೆ ಹನಿಹನಿಯಾಗಿ ಬಿದ್ದು, ಲಾಭ ಮಾತ್ರ ಒಂದೇ ಕಡೆ ಹಳ್ಳವಾಗಿ ನಿಲ್ಲುತ್ತದೆ. ದಾವೆಯ ಮುಖ್ಯ ಪ್ರಯೋಜನವು ಗ್ರಾಹಕನ ಕೈಗೆ ಬಂದ ಚೆಕ್ಕಿನಲ್ಲಿಲ್ಲ, ತಯಾರಕನ ಕೈಬಿಟ್ಟ ಮೊತ್ತದಲ್ಲಿದೆ ಎಂಬ ಈ ಸರಳವಾದ ಅಂಶವನ್ನು ಬುದ್ಧಿವಂತರಿಗೆ ಬಿಡಿಸಿ ಹೇಳಬೇಕಾಗಿ ಬಂದಿರುವುದೇ ಖೇದದ ಸಂಗತಿ.

ಇನ್ನು ಫೀಜಿನ ಮಾತು. ಆ ದೇಶದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳಲ್ಲಿ 23ನೆಯದು, ಇಂಥ ದಾವೆಯ ರಾಜಿಯು ನ್ಯಾಯಯುತವೂ ಯುಕ್ತವೂ ಸಮರ್ಪಕವೂ ಆಗಿದೆಯೆಂದು ನ್ಯಾಯಾಧೀಶನು ಒಪ್ಪಿದ ಹೊರತು ಅದು ನಡೆಯಕೂಡದೆಂದೂ, ವಕೀಲರ ಫೀಜನ್ನು ನ್ಯಾಯಾಧೀಶನೇ ನಿರ್ಧರಿಸತಕ್ಕದ್ದೆಂದೂ, ಸಮೂಹದ ಯಾವ ಸದಸ್ಯನೂ ಅದಕ್ಕೆ ಆಕ್ಷೇಪವೆತ್ತಬಹುದೆಂದೂ ವಿಧಿಸುತ್ತದೆ. ಐಫೋನಿನ ಬ್ಯಾಟರಿಯ ಪ್ರಕರಣ ಇದಕ್ಕೆ ನಿದರ್ಶನ. ಲಿಥಿಯಂ ಬ್ಯಾಟರಿ ಹಳೆಯದಾದಂತೆ ಅದರ ಆಂತರಿಕ ರೋಧ ಹೆಚ್ಚಿ, ಪ್ರೊಸೆಸರು ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಬೇಡಿದಾಗ ವೋಲ್ಟೇಜು ಕುಸಿದು ಫೋನು ತಟ್ಟನೆ ಆರಿಹೋಗುತ್ತದೆ. ಅದನ್ನು ತಡೆಯಲು ಆ್ಯಪಲ್ 2017ರಲ್ಲಿ ಹಳೆಯ ಫೋನುಗಳ ವೇಗವನ್ನು ತಗ್ಗಿಸುವ ತಂತ್ರಾಂಶವನ್ನು, ಒಡೆಯರಿಗೆ ಸ್ಪಷ್ಟವಾಗಿ ತಿಳಿಸದೆಯೇ ಒಳಗೆ ಕಳುಹಿಸಿತು. ಬ್ಯಾಟರಿ ಬದಲಿಸಿದರೆ ಸಾಕಾಗಿದ್ದವರು, ಯಂತ್ರವೇ ಮುದಿಯಾಯಿತೆಂದು ಭಾವಿಸಿ ಹೊಸ ಫೋನನ್ನು ಕೊಂಡರು ಎಂಬುದು ದೂರಿನ ಸಾರ. 2020ರಲ್ಲಿ ಕನಿಷ್ಠ 31 ಕೋಟಿ, ಗರಿಷ್ಠ 50 ಕೋಟಿ ಡಾಲರಿಗೆ ರಾಜಿಯಾಯಿತು. ವಕೀಲರಿಗೆ ಮಂಜೂರಾದದ್ದು ಸುಮಾರು 8 ಕೋಟಿ, ಅಂದರೆ ಕನಿಷ್ಠ ಮೊತ್ತದ ಕಾಲು ಭಾಗದಷ್ಟು; ಉಳಿದ ಮುಕ್ಕಾಲು ಯಾರ ಹೊಟ್ಟೆಗೆ ಹೋಯಿತೆಂದು ‘ವಕೀಲರಿಗೆ ಕೋಟಿ’ ಎನ್ನುವವರು ಕೇಳುವುದಿಲ್ಲ. ಆಕ್ಷೇಪಣೆ ಬಂದಾಗ, ಕೆಳಗಿನ ನ್ಯಾಯಾಲಯ ರಾಜಿಯನ್ನು ತೂಗಿದ ಮಾನದಂಡ ಸರಿಯಲ್ಲವೆಂದು ಮೇಲ್ಮನವಿ ನ್ಯಾಯಾಲಯ 2022ರಲ್ಲಿ ಅದನ್ನು ಹಿಂದಕ್ಕೆ ಕಳುಹಿಸಿತು. ಮರುಪರಿಶೀಲನೆಯಾದ ಬಳಿಕವೇ ಹಣ ಹಂಚಲ್ಪಟ್ಟಿತು. ಮೊದಲು ಅಂದಾಜಿಸಿದ್ದು ಫೋನಿಗೆ 25 ಡಾಲರು. 2024ರ ಜನವರಿಯಲ್ಲಿ ಕೈಸೇರಿದ್ದು 92 ಡಾಲರಿಗಿಂತ ತುಸು ಹೆಚ್ಚು.

ಏಕೆ ಹೆಚ್ಚಾಯಿತು? ಅರ್ಹರಾದವರಲ್ಲಿ ಬಹುಮಂದಿ ಅರ್ಜಿಯನ್ನೇ ಹಾಕಲಿಲ್ಲವಾದುದರಿಂದ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ರಾಹಕರ ಸಾಮೂಹಿಕ ದಾವೆಗಳಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದವರ ಮಧ್ಯಕ ಪ್ರಮಾಣ ನೂರಕ್ಕೆ 9. ನನ್ನ ಅಸಹನೆಯ ನಿಜವಾದ ಕಾರಣ ಇಲ್ಲಿದೆ. ದಾವೆ ಹೂಡುವ ಶ್ರಮವನ್ನು ಇನ್ನೊಬ್ಬನು ವಹಿಸಿ, ವರ್ಷಾನುವರ್ಷ ಹೋರಾಡಿ, ಕೊನೆಗೆ ಒಂದು ಪುಟದ ಅರ್ಜಿಯನ್ನು ತುಂಬಿ ಕಳುಹಿಸಿರೆಂದು ತಿಳಿವಳಿಕೆ ಪತ್ರ ಕಳುಹಿಸಿದರೆ, ಅದನ್ನು ಓದದೆ ಕಸದ ಬುಟ್ಟಿಗೆ ಹಾಕಿದವನೇ ಮರುದಿನ, ಎಲ್ಲವನ್ನೂ ವಕೀಲರು ತಿಂದರೆಂದು ಸಾರುತ್ತಾನೆ. ಸೋತ ದಾವೆಗಳ ಸುದ್ದಿಯಂತೂ ಇವರ ಕಿವಿಗೆ ಬೀಳುವುದೇ ಇಲ್ಲ. ಆಟವಾಡುತ್ತಿರುವಾಗ ಎಕ್ಸ್‌ಬಾಕ್ಸ್ 360 ಯಂತ್ರ ಕೊಂಚ ಅಲುಗಿದರೂ ಒಳಗೆ ತಿರುಗುವ ತಟ್ಟೆಯ ಮೇಲೆ ಗೀರು ಬೀಳುತ್ತದೆಂದು ಮೈಕ್ರೋಸಾಫ್ಟ್ ಮೇಲೆ 2011ರಲ್ಲಿ ಹೂಡಿದ ದಾವೆಯು, ಸಮೂಹವೆಂಬ ಮಾನ್ಯತೆಯನ್ನೇ ಪಡೆಯದೆ, 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿಯ ಹಕ್ಕಿನ ಪ್ರಶ್ನೆಯಲ್ಲಿ ಸೋತಿತು. ಗೆದ್ದರೆ ಪಾಲು, ಸೋತರೆ ಸೊನ್ನೆ ಎಂಬ ಕರಾರಿನ ಮೇಲೆ ಖರ್ಚನ್ನೆಲ್ಲ ತಾನೇ ಹಾಕಿ ದುಡಿಯುವವನು ಗೆದ್ದಾಗ ಪಡೆದುದನ್ನು ಮಾತ್ರ ಎಣಿಸುವುದು ಪ್ರಾಮಾಣಿಕವಾದ ಲೆಕ್ಕವಲ್ಲ.

ಉಳಿದ ಭ್ರಾಂತಿಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ರಾಜಿಯಾಯಿತೆಂದರೆ ತಪ್ಪು ಸಾಬೀತಾಯಿತೆಂದು ದಾವೆಯ ಪಕ್ಷಪಾತಿಗಳು ನಂಬುತ್ತಾರೆ. ಹಾಗಲ್ಲ, ಮೇಲಿನ ಆ್ಯಪಲ್‌ನ ಎರಡು ಪ್ರಕರಣಗಳಲ್ಲಿಯೂ ಸಂಸ್ಥೆ ತಪ್ಪೊಪ್ಪಿಕೊಳ್ಳದೆಯೇ ಹಣ ಕೊಟ್ಟಿತು. ಬಿಸಿ ಕಾಫಿ ಚೆಲ್ಲಿಕೊಂಡು ಮೆಕ್‌ಡೊನಾಲ್ಡ್ಸ್‌ನಿಂದ ಲಕ್ಷಾಂತರ ಡಾಲರು ಪಡೆದ ಮುದುಕಿಯ ಕಥೆಯನ್ನು ಇಲ್ಲಿಗೆ ಎಳೆದುತರುವವರು, ಅದು ಸಾಮೂಹಿಕ ದಾವೆಯೇ ಅಲ್ಲವೆಂಬುದನ್ನೂ, ಆ ವೃದ್ಧೆಗೆ ಚರ್ಮದ ಕಸಿ ಮಾಡಬೇಕಾಗುವಷ್ಟು ತೀವ್ರವಾದ ಸುಟ್ಟಗಾಯಗಳಾಗಿದ್ದವೆಂಬುದನ್ನೂ ದಯವಿಟ್ಟು ತಿಳಿಯಬೇಕು. ಸಮೂಹದಲ್ಲಿ ಸೇರಲು ಪ್ರತಿಯೊಬ್ಬನೂ ಕೋರ್ಟಿಗೆ ಅಲೆಯಬೇಕಾಗಿಲ್ಲ. ಹಣ ಪರಿಹಾರ ಕೇಳುವ ಇಂಥ ದಾವೆಗಳಲ್ಲಿ, ತಾನಾಗಿ ಹೊರಬರದವರೆಲ್ಲರೂ ಒಳಗಿನವರೇ.

ಎಲ್ಲ ದಾವೆಗಳೂ ಸಮರ್ಥನೀಯವೆಂದು ನಾನು ಹೇಳುವುದಿಲ್ಲ. ಗಿಗಾಬೈಟನ್ನು ದಶಮಾನ ಪದ್ಧತಿಯಲ್ಲಿ ಎಣಿಸಿ ಗ್ರಾಹಕರನ್ನು ವಂಚಿಸಿದರೆಂದು ಹಾರ್ಡ್ ಡಿಸ್ಕ್ ತಯಾರಕರಾದ ವೆಸ್ಟರ್ನ್ ಡಿಜಿಟಲ್ ಮೇಲೆ ಹೂಡಿದ ದಾವೆ 2006ರಲ್ಲಿ ರಾಜಿಯಾಗಿ, ಗ್ರಾಹಕರಿಗೆ ಒಂದು ತಂತ್ರಾಂಶವೂ ವಕೀಲರಿಗೆ 5 ಲಕ್ಷ ಡಾಲರೂ ದೊರೆತವು. ಅಲ್ಲಿ ಡಿಸ್ಕು ಕೆಟ್ಟಿರಲಿಲ್ಲ, ಯಾರಿಗೂ ಹಾನಿಯಾಗಿರಲಿಲ್ಲ. ಅಂಥದನ್ನು ನಿಂದಿಸುವವರೊಡನೆ ನನ್ನ ದನಿಯನ್ನೂ ಸೇರಿಸುತ್ತೇನೆ. ಆದರೆ ನಿಂದೆಯು ಆ ದಾವೆಗೆ ಸಲ್ಲಬೇಕು, ದಾವೆಯೆಂಬ ಸಾಧನಕ್ಕಲ್ಲ.

ಈ ಸಾಧನವನ್ನು ಮೊಂಡಾಗಿಸಲು ತಯಾರಕರು ಎಷ್ಟು ಶ್ರಮಿಸಿದ್ದಾರೆಂಬುದೇ ಅದರ ಬೆಲೆಗೆ ಸಾಕ್ಷಿ. ಫೋನು ಉಚಿತವೆಂಬ ಜಾಹೀರಾತು ನೋಡಿ ಹೋದ ಕ್ಯಾಲಿಫೋರ್ನಿಯದ ದಂಪತಿಗಳಿಂದ ಎಟಿ ಅಂಡ್ ಟಿ ಸಂಸ್ಥೆಯು ಮಾರಾಟ ತೆರಿಗೆಯೆಂದು 30 ಡಾಲರು 22 ಸೆಂಟು ವಸೂಲು ಮಾಡಿತ್ತು. ಅವರ ದಾವೆಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು, ಐವರು ನ್ಯಾಯಮೂರ್ತಿಗಳು ಒಂದೆಡೆ, ನಾಲ್ವರು ಮತ್ತೊಂದೆಡೆ ಆಗಿ, ಗ್ರಾಹಕನು ಸಮೂಹವಾಗಿ ದಾವೆ ಹೂಡದೆ ಒಬ್ಬೊಬ್ಬನಾಗಿ ಖಾಸಗಿ ಪಂಚಾಯಿತಿಗೆ (ಆರ್ಬಿಟ್ರೇಷನ್) ಹೋಗತಕ್ಕದ್ದೆಂಬ ಕರಾರಿನ ಷರತ್ತನ್ನು ರಾಜ್ಯದ ಕಾನೂನು ರದ್ದುಗೊಳಿಸಲಾಗದೆಂದು ತೀರ್ಪಿತ್ತಿತು. ‘ಒಪ್ಪಿದ್ದೇನೆ’ ಎಂದು ನಾವು ಓದದೆ ಒತ್ತುವ ಪುಟಗಳಲ್ಲಿ ಇಂಥ ಷರತ್ತುಗಳು ಆಮೇಲೆ ಹೇರಳವಾದವು. ವಕೀಲರ ಫೀಜಿನ ಬಗ್ಗೆ ಅಷ್ಟೊಂದು ಸಂಶಯಪಡುವ ಜನ ಈ ಷರತ್ತಿನ ಬಗ್ಗೆ ಕಿಂಚಿತ್ತೂ ಸಂಶಯಪಡದಿರುವುದನ್ನು ನೋಡಿದರೆ, ನಮ್ಮ ಕಾಲದ ಸಂಶಯಬುದ್ಧಿಯೂ ಇನ್ನೊಬ್ಬರು ತೋರಿಸಿದ ದಿಕ್ಕಿಗೇ ತಿರುಗುತ್ತದೆಂದು ವ್ಯಥೆಯಾಗುತ್ತದೆ. ಫೋನಿಗೆ ಬಂದ ಎರಡು ಸಾಲನ್ನು ಹತ್ತು ಜನಕ್ಕೆ ರವಾನಿಸುವ ಮುನ್ನ, ಈ ಮಾತಿನಿಂದ ಯಾರಿಗೆ ಲಾಭವೆಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಲಿಲ್ಲ.

ನಮ್ಮ ದೇಶದಲ್ಲಿ ಇಂಥ ದಾವೆಗೆ ಅವಕಾಶವೇ ಇಲ್ಲವೆಂಬುದೂ ತಪ್ಪು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 35ನೆಯ ಪ್ರಕರಣವು, ಸಮಾನ ಹಿತಾಸಕ್ತಿಯುಳ್ಳ ಅನೇಕ ಗ್ರಾಹಕರ ಪರವಾಗಿ ಒಬ್ಬರು ಅಥವಾ ಕೆಲವರು ಗ್ರಾಹಕ ಆಯೋಗದ ಅನುಮತಿಯಿಂದ ದೂರು ಕೊಡಬಹುದೆಂದು ಹೇಳುತ್ತದೆ. ಆ ಸಮಾನತೆಯನ್ನು ದೂರಿನಲ್ಲಿಯೇ ಸ್ಪಷ್ಟವಾಗಿ ಪ್ರತಿಪಾದಿಸಬೇಕು. ಬೆಂಗಳೂರಿನ 1134 ಮನೆಗಳ ವಸತಿ ಸಮುಚ್ಚಯವೊಂದರ 51 ಮನೆಗಳನ್ನು ಕೊಂಡ 91 ಮಂದಿ ಎಲ್ಲರ ಪರವಾಗಿ ತಂದ ದೂರನ್ನು, ಆ ಪ್ರತಿಪಾದನೆಯಿಲ್ಲವೆಂಬ ಕಾರಣದಿಂದ ಸುಪ್ರೀಂ ಕೋರ್ಟು 2021ರಲ್ಲಿ ಪ್ರಾತಿನಿಧಿಕವೆಂದು ಒಪ್ಪದೆ, ಆ 91 ಮಂದಿಯ ಜಂಟಿ ದೂರಾಗಿ ಮಾತ್ರ ನಡೆಯಲು ಬಿಟ್ಟಿತು. ಅಮೆರಿಕದ ಐಫೋನ್ ರಾಜಿಯಿಂದ ಮೈಸೂರಿನ ಐಫೋನಿನವನಿಗೆ ಒಂದು ಸೆಂಟೂ ಬರಲಿಲ್ಲ, ಅದು ಅಲ್ಲಿನ ಗ್ರಾಹಕರಿಗೆ ಮಾತ್ರ. ಗಲಾಟೆಯ ಫಲವಾಗಿ 2018ರಲ್ಲಿ ಲೋಕದಾದ್ಯಂತ ಇಳಿದ ಬ್ಯಾಟರಿಯ ದರದ ಪ್ರಯೋಜನ ಮಾತ್ರ ಅವನಿಗೂ ದೊರೆಯಿತು. ಅವನೇ ಇಲ್ಲಿ ಸಮೂಹದ ಪರವಾಗಿ ನಿಲ್ಲಲು ಹೊರಟನೆನ್ನಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೇರೆಗೆ ಸಮೂಹದವರಿಗೆಲ್ಲ ಕೊಡಬೇಕಾದ ನೋಟೀಸಿನ ಖರ್ಚು ಅವನದು. ಗೆದ್ದರೆ ಪಾಲು ಎಂಬ ಕರಾರಿನ ಮೇಲೆ ವಕಾಲತ್ತು ವಹಿಸುವುದನ್ನು ಬಾರ್ ಕೌನ್ಸಿಲಿನ ನಿಯಮಗಳು ನಿಷೇಧಿಸಿರುವುದರಿಂದ ವಕೀಲರ ಫೀಜೂ ಮೊದಲಿನಿಂದಲೇ ಅವನದು. ವಕೀಲರಿಗೆ ಪಾಲಿಲ್ಲದ ವ್ಯವಸ್ಥೆಯನ್ನು ಬಯಸುವವರು ಮೊದಲು ಈ ಗ್ರಾಹಕನ ಖರ್ಚಿನ ಪಟ್ಟಿಯನ್ನು ನೋಡಬೇಕು.