ಎರಡು ಹೆಬ್ಬೆರಳು

ಕಳೆದ ಚಳಿಗಾಲದ ಒಂದು ರವಿವಾರ ನಾವು ಮುಲುಂಡದಿಂದ ಲೋಕಲ್ ಗಾಡಿ ಹಿಡಿದು ಮಾಟುಂಗಾಕ್ಕೆ ಹೋದೆವು. ನಮ್ಮ ಅಕ್ಕನ ಮಗ, ಹದಿಮೂರು ವರ್ಷದ ಹುಡುಗ, ಶಾಲೆಯ ಬಾಸ್ಕೆಟ್‌ಬಾಲ್ ತಂಡವನ್ನು ಸೇರಿ ನಾಲ್ಕು ತಿಂಗಳಾಗಿತ್ತು. ಅವನ ಮೊದಲ ಪಂದ್ಯ ನೋಡಲು ಅಕ್ಕ, ಭಾವ, ನೆರೆಮನೆಯವರು, ನಾವು ಹೀಗೆ ಒಂದು ಸಣ್ಣ ದಿಬ್ಬಣವೇ ಹೊರಟಿತ್ತು. ಅಕ್ಕ ಒಂದು ಡಬ್ಬಿ ತುಂಬ ಅವಲಕ್ಕಿ ಚೂಡಾ ಕಟ್ಟಿಕೊಂಡು ಬಂದಿದ್ದಳು. ಆಟದ ನಿಯಮ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಉತ್ಸಾಹಕ್ಕೆ ಮಾತ್ರ ಕೊರತೆಯಿರಲಿಲ್ಲ.

ಪಂದ್ಯ ಮುಗಿಯಲು ಇಪ್ಪತ್ತು ಸೆಕೆಂಡು ಉಳಿದಿತ್ತು. ನಮ್ಮವರು ಒಂದು ಅಂಕ ಹಿಂದಿದ್ದರು. ಚೆಂಡು ಅಂಚಿನ ಗೆರೆಯತ್ತ ಪುಟಿಯಿತು. ನಮ್ಮ ಹುಡುಗನೂ ಎದುರು ತಂಡದ ಎತ್ತರದ ಹುಡುಗನೊಬ್ಬನೂ ಒಟ್ಟಿಗೇ ಅದರ ಮೇಲೆ ಬಿದ್ದರು. ಕಣ್ಣು ಮಿಟುಕಿಸುವುದರೊಳಗೆ ಚೆಂಡು ಗೆರೆ ದಾಟಿ ಬೆಂಚಿನ ಕೆಳಗೆ ಹೋಯಿತು. ರೆಫರಿಯವರು ಸೀಟಿ ಊದಿ ಅಂಗೈಯನ್ನು ಮೇಲಕ್ಕೆತ್ತಿದರು. ಇನ್ನು ಯಾವ ಕಡೆಗೆ ಬೆರಳು ತೋರಿಸುತ್ತಾರೋ ಎಂದು ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರಲು, ಅವರು ತಮ್ಮ ಜೊತೆಗಾರ ರೆಫರಿಯ ಮುಖ ನೋಡಿದರು. ಆತ ತನಗೂ ತಿಳಿಯದೆಂಬಂತೆ ತಲೆ ಅಲ್ಲಾಡಿಸಿದ. ಆಗ ಅವರು ಎರಡೂ ಕೈಗಳ ಹೆಬ್ಬೆರಳುಗಳನ್ನು ಮೇಲಕ್ಕೆತ್ತಿ ತೋರಿಸಿ, ಲೆಕ್ಕ ಬರೆಯುವವರ ಮೇಜಿನ ಮೇಲಿದ್ದ ಒಂದು ಬಾಣವನ್ನು ನೋಡಿ, ಎದುರು ತಂಡದವರು ಆಡುವ ದಿಕ್ಕಿಗೆ ಬೆರಳು ಚಾಚಿದರು. ಚೆಂಡು ಅವರಿಗೆ ಹೋಯಿತು. ಪಂದ್ಯವೂ ಅವರಿಗೇ ಹೋಯಿತು.

ನಾವು ಸುಮ್ಮನಿರಲಿಲ್ಲ. ಎದ್ದು ನಿಂತು ಮರಾಠಿಯಲ್ಲಿ, ಹಿಂದಿಯಲ್ಲಿ, ಸಿಟ್ಟು ಏರಿದ ಮೇಲೆ ಅಪ್ಪಟ ಧಾರವಾಡದ ಕನ್ನಡದಲ್ಲಿ, ಇವರಿಗೆ ಕಣ್ಣಿಲ್ಲವೇ ಎಂದು ಕೂಗಿದೆವು. ಚೆಂಡು ಎತ್ತರದ ಹುಡುಗನ ಕೈಗೆ ತಗಲಿಯೇ ಹೊರಗೆ ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ಅಕ್ಕನೂ ಕಂಡಿದ್ದಳು. ಚೂಡಾದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ನೆರೆಮನೆಯವರು ಕೂಡ ಕಂಡಿದ್ದರಂತೆ.

ಪಂದ್ಯ ಮುಗಿದ ಮೇಲೆ ಮೈದಾನದ ಹೊರಗಿನ ಚಹದ ಅಂಗಡಿಯಲ್ಲಿ ಅದೇ ರೆಫರಿಯವರು ಸಿಕ್ಕಿದರು. ಐವತ್ತು ದಾಟಿದ ಮರಾಠಿ ಗೃಹಸ್ಥರು. ಸ್ವಲ್ಪ ಬಿರುಸಾಗಿಯೇ ಕೇಳಿದೆವು. ಅವರು ಸಿಟ್ಟಾಗಲಿಲ್ಲ. "ಸಾಹೇಬ, ನನಗೆ ಕಾಣಲಿಲ್ಲ. ಕಾಣಲಿಲ್ಲವೆಂದೇ ಹೇಳಿದೆನಲ್ಲ!" ಎಂದರು.

ಹೇಳಿದ್ದು ಯಾವಾಗ? ಆ ಎರಡು ಹೆಬ್ಬೆರಳುಗಳಲ್ಲಿ. ನಮಗೆ ಅರ್ಥವಾಗಲಿಲ್ಲ, ಅಷ್ಟೆ. ಅವರು ಅಂದು ಹೇಳಿದ್ದನ್ನೂ ನಾವು ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಮಕ್ಕಳ ಆಟ ನೋಡಲು ಹೋಗುವ ತಂದೆತಾಯಿಗಳಿಗೆ ಉಪಯೋಗವಾದೀತು.

ಬಾಸ್ಕೆಟ್‌ಬಾಲ್ ಅಂಗಣ 28 ಮೀಟರು ಉದ್ದ, 15 ಮೀಟರು ಅಗಲ. ಸುತ್ತಲಿನ ಗೆರೆಯ ಅಗಲ 5 ಸೆಂಟಿಮೀಟರು. ಈ ಗೆರೆ ಅಂಗಣಕ್ಕೆ ಸೇರಿದ್ದಲ್ಲ, ಹೊರಗಿನದು. ಚೆಂಡು ಗೆರೆಗೆ ತಗಲಿದರೂ, ಚೆಂಡು ಹಿಡಿದವನ ಕಾಲು ಗೆರೆಯನ್ನು ಮುಟ್ಟಿದರೂ, ಚೆಂಡು ಹೊರಗೆ ಹೋದ ಹಾಗೆಯೇ. ಹೊರಗೆ ಹೋಗುವ ಮೊದಲು ಯಾರನ್ನು ಕೊನೆಗೆ ಮುಟ್ಟಿತೋ ಅವನೇ ಅದಕ್ಕೆ ಕಾರಣ. ಚೆಂಡು ಅವನ ಎದುರಾಳಿಗಳಿಗೆ ಸಲ್ಲುತ್ತದೆ. ಮುಟ್ಟಬೇಕೆಂದು ಮುಟ್ಟಿದನೇ, ತಾನಾಗಿ ತಗಲಿತೇ ಎಂಬ ಭೇದವಿಲ್ಲ. ಬೆರಳಿನ ತುದಿ ಸೋಕಿದರೂ ಸಾಕು.

ರೆಫರಿಯ ಸನ್ನೆಗಳಿಗೂ ಒಂದು ಕ್ರಮವುಂಟು. ಮೊದಲು ಸೀಟಿ. ಜೊತೆಗೇ ಬೆರಳುಗಳನ್ನು ಕೂಡಿಸಿ ಬಿಚ್ಚಿದ ಅಂಗೈಯನ್ನು ಮೇಲಕ್ಕೆತ್ತುವುದು. ಇದು ಗಡಿಯಾರ ನಿಲ್ಲಿಸಿರೆಂಬ ಸೂಚನೆ. ಅನಂತರ ಚೆಂಡು ಪಡೆದವರು ಆಡುವ ದಿಕ್ಕಿಗೆ, ಅಂಚಿನ ಗೆರೆಗೆ ಸಮನಾಗಿ, ಬೆರಳು ತೋರಿಸುವುದು. ಗೆರೆಗಳನ್ನು ರೆಫರಿಗಳು ತಮ್ಮೊಳಗೆ ಹಂಚಿಕೊಂಡಿರುತ್ತಾರೆ. ತನ್ನ ಪಾಲಿನ ಗೆರೆಯ ವಿಷಯದಲ್ಲಿ ಒಬ್ಬನು ಕೊಟ್ಟ ತೀರ್ಮಾನವನ್ನು ಇನ್ನೊಬ್ಬನು ತಳ್ಳಿಹಾಕುವಂತಿಲ್ಲ. ಆದರೆ ತನಗೆ ಕಾಣದೆ ಹೋದಾಗ ಸಹಾಯ ಕೇಳಬಹುದು. ಆದುದರಿಂದಲೇ ಅವರು ಜೊತೆಗಾರನ ಮುಖ ನೋಡಿದ್ದು. ಅದು ದೌರ್ಬಲ್ಯವೆಂದು ನಾವು ತಿಳಿದಿದ್ದೆವು. ವಾಸ್ತವವಾಗಿ ಅದೇ ಸರಿಯಾದ ಪದ್ಧತಿ.

ಜೊತೆಗಾರನಿಗೂ ತಿಳಿಯದಿದ್ದರೆ? ಅಥವಾ ಇಬ್ಬರ ಅಭಿಪ್ರಾಯ ಬೇರೆಬೇರೆಯಾದರೆ? ಇಬ್ಬರು ಎದುರಾಳಿಗಳು ಒಂದೇ ಕ್ಷಣದಲ್ಲಿ ಮುಟ್ಟಿದ್ದರೆ? ಆಗ ಎರಡೂ ಹೆಬ್ಬೆರಳು ಮೇಲೆ. ಇದಕ್ಕೆ ಜಂಪ್ ಬಾಲ್ ಸನ್ನಿವೇಶವೆಂದು ಹೆಸರು. ಹೆಸರು ಹಾಗಿದ್ದರೂ ಈಗ ಯಾರೂ ಜಿಗಿಯುವುದಿಲ್ಲ; ಮೇಜಿನ ಮೇಲಿನ ಬಾಣ ತೀರ್ಮಾನಿಸುತ್ತದೆ.

ಬಾಣದ ಲೆಕ್ಕ ಸರಳವಾದದ್ದು. ಪಂದ್ಯದ ಆರಂಭದಲ್ಲಿ ರೆಫರಿ ನಡು ಅಂಗಣದಲ್ಲಿ ಚೆಂಡನ್ನು ಮೇಲಕ್ಕೆ ಎಸೆಯುತ್ತಾರೆ, ಇಬ್ಬರು ಜಿಗಿಯುತ್ತಾರೆ. ಆಗ ಚೆಂಡನ್ನು ಮೊದಲು ಯಾವ ತಂಡ ವಶಪಡಿಸಿಕೊಳ್ಳುವುದಿಲ್ಲವೋ ಅದಕ್ಕೆ ಬಾಣದ ಮೊದಲ ಸರದಿ. ಆ ಸರದಿ ತೀರಿದೊಡನೆ ಬಾಣ ಇನ್ನೊಂದು ಕಡೆಗೆ ತಿರುಗುತ್ತದೆ. ಎರಡನೆಯ, ಮೂರನೆಯ, ನಾಲ್ಕನೆಯ ಭಾಗಗಳು ಪ್ರಾರಂಭವಾಗುವುದೂ ಬಾಣದ ಸರದಿಯಂತೆಯೇ. ಹೀಗೆ ಸಂಶಯದ ಲಾಭ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ. ಅಂದು ಸರದಿ ಎದುರು ತಂಡದ್ದಾಗಿತ್ತು. ಅದರಲ್ಲಿ ಪಕ್ಷಪಾತವೂ ಇರಲಿಲ್ಲ, ಕುರುಡುತನವೂ ಇರಲಿಲ್ಲ.

ಕ್ರಿಕೆಟ್ಟಿನ ಜೊತೆ ಹೋಲಿಸಿದರೆ ಇದರ ಸ್ವಾರಸ್ಯ ತಿಳಿಯುತ್ತದೆ. ಅಲ್ಲಿ ಸಂಶಯದ ಲಾಭ ಬ್ಯಾಟುಗಾರನಿಗೆಂದು ಮೊದಲಿನಿಂದ ನಡೆದುಬಂದ ಸಂಪ್ರದಾಯ. ನ್ಯಾಯಾಲಯದಲ್ಲಿ ಅದು ಆರೋಪಿಗೆ. ಎರಡೂ ಕಡೆ ಕಳೆದುಕೊಳ್ಳುವವನು ಒಬ್ಬನಿದ್ದಾನೆ. ಕರುಣೆ ಅವನ ಕಡೆಗೆ. ಗೆರೆ ದಾಟಿದ ಚೆಂಡಿನ ಎದುರು ಇಬ್ಬರೂ ಸಮಾನರು. ಯಾರಿಗೂ ಕರುಣೆ ತೋರಲು ಕಾರಣವಿಲ್ಲ. ಆದ್ದರಿಂದ ಸಂಶಯವನ್ನೇ ಸರದಿಯ ಪ್ರಕಾರ ಹಂಚಿಬಿಟ್ಟರು.

ಈ ಪ್ರಶ್ನೆ ಆಟದಷ್ಟೇ ಹಳೆಯದು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಹೊಡೆಸಿ ಈ ಆಟವನ್ನು ಹುಟ್ಟಿಸಿದಾಗ ಬರೆದದ್ದು ಹದಿಮೂರೇ ನಿಯಮಗಳು. ಅವುಗಳಲ್ಲಿ ಒಂಬತ್ತನೆಯದು ಹೊರಗೆ ಹೋದ ಚೆಂಡಿನ ಬಗೆಗೆ. ಹೊರಗೆ ಹೋದ ಚೆಂಡನ್ನು ಮೊದಲು ಮುಟ್ಟಿದವನಿಗೆ ಅದನ್ನು ಒಳಗೆ ಎಸೆಯುವ ಹಕ್ಕು. ಎಸೆಯಲು ಐದು ಸೆಕೆಂಡು. ವಿವಾದವೆದ್ದರೆ ಅಂಪೈರೇ ಅದನ್ನು ನೇರವಾಗಿ ಅಂಗಣದೊಳಕ್ಕೆ ಎಸೆಯತಕ್ಕದ್ದು. ಹದಿಮೂರೇ ನಿಯಮ ಬರೆಯುವಾಗಲೂ ಆ ಮಹನೀಯರು ತಿಳಿಯದೆ ಹೋಗುವ ಕ್ಷಣಕ್ಕೆ ಒಂದು ಸಾಲು ಮೀಸಲಿಟ್ಟರೆಂಬುದು ಗಮನಿಸತಕ್ಕ ಸಂಗತಿ. ಐದು ಸೆಕೆಂಡಿನ ಆ ಗಡುವು ಇಂದಿಗೂ ಉಳಿದಿದೆ.

ಬಹುಕಾಲ ಇಂತಹ ಸಂಶಯವನ್ನು ಜಿಗಿತದಿಂದಲೇ ತೀರಿಸುತ್ತಿದ್ದರು. ಆದರೆ ಜಿಗಿತದಲ್ಲಿ ಎತ್ತರದವನಿಗೇ ಅನುಕೂಲವಷ್ಟೆ? ಅಂತರರಾಷ್ಟ್ರೀಯ ಒಕ್ಕೂಟವಾದ ಫೀಬಾ 2003ರಲ್ಲಿ ಬಾಣದ ಪದ್ಧತಿಯನ್ನು ತಂದಿತು. ಅಮೆರಿಕದ ವೃತ್ತಿಪರರ ಎನ್‌ಬಿಎ ಮಾತ್ರ ಇಂದಿಗೂ ಜಿಗಿಸುತ್ತದೆ. 2019ರ ಅಕ್ಟೋಬರ್ 4 ಮತ್ತು 5ರಂದು ವರಳಿಯಲ್ಲಿ ಸ್ಯಾಕ್ರಮೆಂಟೋ ಹಾಗೂ ಇಂಡಿಯಾನಾದ ತಂಡಗಳು ಬಂದು ಆಡಿದ್ದನ್ನು ನೋಡಿದವರು ನಮ್ಮ ವಾಚಕರಲ್ಲಿಯೂ ಇರಬಹುದು. ಆ ಆಟಕ್ಕೂ ನಮ್ಮ ಶಾಲೆಗಳ ಆಟಕ್ಕೂ ಇರುವ ಭೇದಗಳಲ್ಲಿ ಇದೂ ಒಂದು.

ಈಗ ದೊಡ್ಡ ಪಂದ್ಯಗಳಲ್ಲಿ ಕ್ಯಾಮೆರಾ ಬಂದಿದೆ. ಅದರ ಏರ್ಪಾಡಿದ್ದಲ್ಲಿ, ನಾಲ್ಕನೆಯ ಭಾಗದ ಕೊನೆಯ ಎರಡು ನಿಮಿಷಗಳಲ್ಲಿ, ಚೆಂಡು ಯಾರಿಂದ ಹೊರಗೆ ಹೋಯಿತೆಂದು ಚಿತ್ರ ನೋಡಿ ನಿರ್ಣಯಿಸಬಹುದು. ಅದಕ್ಕೂ ಒಂದು ಸನ್ನೆಯಿದೆ: ತೋರುಬೆರಳನ್ನು ಅಡ್ಡವಾಗಿ ಚಾಚಿ ಕೈಯನ್ನು ಸುತ್ತಿಸುವುದು. ಆದರೆ ಮುಂಬಯಿಯ ಆಟ ಬೆಳೆದದ್ದು ಕ್ಯಾಮೆರಾದ ಎದುರಿಗಲ್ಲ. ನಾಗಪಾಡಾದ ಗಲ್ಲಿಗಳ ಹುಡುಗರು ಅಲ್ಲಿನ ಬಚ್ಚೂ ಖಾನ್ ಮೈದಾನದಲ್ಲಿ ಆಡಿ ಆಡಿ ಹೆಸರು ಮಾಡಿದರು. ಭಾರತ ತಂಡದ ನಾಯಕರಾಗಿ, 1970ರ ಸಾಲಿನ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಸೀರ್ ಅವರು ಆ ನಾಗಪಾಡಾದವರೇ. ಅಂತಹ ಮೈದಾನಗಳಲ್ಲಿ ಎರಡು ಕಣ್ಣು, ಒಂದು ಸೀಟಿ, ಹತ್ತು ಬೆರಳು, ಇಷ್ಟರಿಂದಲೇ ರೆಫರಿ ಕೆಲಸ ನಡೆಸಬೇಕು. ನಮ್ಮ ಮಕ್ಕಳು ಆಡುವುದೂ ಹಾಗೆಯೇ.

ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮಗೆ ಒಂದು ವಿಚಾರ ಬಂತು. ಹತ್ತು ವರ್ಷಗಳಿಂದ ಫೈಲುಗಳ ಮೇಲೆ ಟಿಪ್ಪಣಿ ಬರೆಯುತ್ತಿದ್ದೇವೆ. ತಿಳಿಯದ ವಿಷಯ ಬಂದಾಗ ಪರಿಶೀಲಿಸಬಹುದು ಎಂದು ಬರೆದು ಮುಂದಿನ ಮೇಜಿಗೆ ಸಾಗಿಸುತ್ತೇವೆ. ನನಗೆ ತಿಳಿಯದು ಎಂದು ಒಮ್ಮೆಯಾದರೂ ಬರೆದದ್ದುಂಟೇ? ನೆನಪಿಲ್ಲ. ನೂರಾರು ಜನರ ಎದುರಿಗೆ, ಇಪ್ಪತ್ತು ಸೆಕೆಂಡು ಉಳಿದಿರುವಾಗ, ಎರಡೂ ಕೈಯೆತ್ತಿ ಅದನ್ನೇ ಹೇಳುವುದು ಸಾಮಾನ್ಯ ಮಾತಲ್ಲ. ಯಾವುದೋ ಒಂದು ಕಡೆಗೆ ಧೈರ್ಯವಾಗಿ ಬೆರಳು ತೋರಿಸಿಬಿಟ್ಟಿದ್ದರೆ ಅರ್ಧ ಜನರಾದರೂ ಚಪ್ಪಾಳೆ ಹೊಡೆಯುತ್ತಿದ್ದರು.

ಇಷ್ಟಾದರೂ ಅಂದು ಚಹ ಮುಗಿಸಿ ಸ್ಟೇಶನ್ನಿಗೆ ನಡೆಯುವಾಗ ನಮ್ಮ ಮನಸ್ಸು ಒಪ್ಪಿರಲಿಲ್ಲ. ಅವರಿಗೆ ಕಾಣದಿದ್ದರೆ ಏನಾಯಿತು, ನಮಗೆ ಕಂಡಿತ್ತಲ್ಲ! ಗಾಡಿಯಲ್ಲಿ ಭಾವನವರೊಡನೆ ಅದೇ ಮಾತು ನಡೆದಿತ್ತು. ಹುಡುಗ ಕಿಟಕಿಯ ಬಳಿ ಸುಮ್ಮನೆ ಕುಳಿತಿದ್ದ. ಸೋತ ದುಃಖವೆಂದುಕೊಂಡೆವು. ಘಾಟಕೋಪರ ದಾಟಿದ ಮೇಲೆ ಅವನು ನಮ್ಮ ತೋಳು ಮುಟ್ಟಿ, ಮೆಲ್ಲಗೆ ಹೇಳಿದ:

"ಮಾಮಾ, ಚೆಂಡು ನನಗs ತಾಗಿ ಹೋತು. ಬೆರಳಿನ ತುದೀಗೆ."

"ಮತ್ತ ಅಲ್ಲೇ ಯಾಕ ಹೇಳಲಿಲ್ಲೋ?"

"ನೀವು, ಅವ್ವ, ಎಲ್ಲಾರೂ ಒದರಲಿಕ್ಕೆ ಹತ್ತಿದ್ರಿ. ಹೆಂಗ ಹೇಳ್ಲಿ?"

ನಮಗೆ ಉತ್ತರ ಹೊಳೆಯಲಿಲ್ಲ. ಐದು ಹೆಜ್ಜೆ ದೂರದಲ್ಲಿದ್ದವರು ಕಾಣಲಿಲ್ಲವೆಂದರು. ಅಂಗಣದ ಆಚೆ ಬದಿಯಲ್ಲಿದ್ದ ನಾವು ಕಂಡೆವೆಂದೆವು. ಕಂಡದ್ದು ಚೆಂಡನ್ನಲ್ಲ, ನಮ್ಮ ಹುಡುಗನನ್ನು. ಅದಕ್ಕಿಂತ ಕೆಟ್ಟದ್ದೆಂದರೆ, ನಿಜ ಗೊತ್ತಿದ್ದ ಒಬ್ಬನೇ ಒಬ್ಬನ ಬಾಯಿಯನ್ನು ನಮ್ಮ ಗದ್ದಲ ಮುಚ್ಚಿಸಿತ್ತು.

ಮುಂದಿನ ರವಿವಾರ ಅದೇ ಮೈದಾನದಲ್ಲಿ ಬೇರೊಂದು ಪಂದ್ಯವಿತ್ತು. ಹುಡುಗ ತಾನಾಗಿಯೇ ಆ ರೆಫರಿಯವರ ಬಳಿಗೆ ಹೋಗಿ ಹೇಳಿದ. ಅವರು ಅವನ ತಲೆ ಸವರಿ, "ಮುಂದಿನ ಸಲ ಆಗಲೇ ಹೇಳು, ನನಗೂ ಸುಲಭ" ಎಂದು ನಕ್ಕರಂತೆ. ನಾವೂ ಹೋಗಿ ನಮ್ಮ ಮಾತಿಗೆ ಕ್ಷಮೆ ಕೇಳಿದೆವು. ಅಕ್ಕ ಚೂಡಾದ ಡಬ್ಬಿ ಮುಂದೆ ಹಿಡಿದಳು.

ಅಂದು ಮತ್ತೆ ಒಮ್ಮೆ ಚೆಂಡು ಗೆರೆಯ ಬಳಿ ಸಿಕ್ಕಿಬಿದ್ದು ಎರಡು ಹೆಬ್ಬೆರಳು ಮೇಲೆದ್ದವು. ನಮ್ಮ ಸಾಲಿನಲ್ಲಿ ಯಾರೂ ಏಳಲಿಲ್ಲ. ನಾವು ಮೇಜಿನ ಮೇಲಿನ ಬಾಣವನ್ನು ನೋಡಿದೆವು. ಅದು ಈ ಸಲ ನಮ್ಮ ಕಡೆಗಿತ್ತು.