ಗರ್ಭಕಂಠದ ಕ್ಯಾನ್ಸರ್ ಲಸಿಕೆ: ತಂಗಿಗಾ, ಅಕ್ಕನಿಗಾ, ಅಮ್ಮನಿಗಾ?

ಇವತ್ತಿನ ಮಾತು ಶುರುವಾಗೋದು ಚನ್ನಪಟ್ಟಣದ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್‌ನಿಂದ. "ನನಗೆ 23 ವರ್ಷ, ತಂಗಿ ಎಂಟನೇ ಕ್ಲಾಸು. ಗರ್ಭಕಂಠದ ಕ್ಯಾನ್ಸರ್ ಲಸಿಕೆ ಹಾಕಿಸೋಕೆ ದುಡ್ಡು ಒಬ್ಬರಿಗೆ ಮಾತ್ರ ಆಗುತ್ತೆ. ಯಾರು ಹಾಕಿಸ್ಕೋಬೇಕು? ಅಮ್ಮನಿಗೂ ಬೇಕಾ?"

ನೇರವಾಗಿ ಹೇಳ್ತೀನಿ. ಮೊದಲು ತಂಗಿಗೆ. ಆದ್ರೆ ನಿಮ್ಮ ವಯಸ್ಸೂ ಮೀರಿಲ್ಲ. ಅಮ್ಮನಿಗೆ ಬೇಕಾಗಿರೋದು ಲಸಿಕೆ ಅಲ್ಲ, ಪರೀಕ್ಷೆ.

ಯಾಕೆ ಅಂತ ನೋಡೋಣ. ಗರ್ಭಕೋಶದ ಬಾಯಿಗೆ ಬರುವ ಈ ಕ್ಯಾನ್ಸರ್‌ಗೆ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಲ್ಲೂ ಕಾರಣ ಒಂದೇ ವೈರಸ್, ಎಚ್‌ಪಿವಿ. ಲೈಂಗಿಕ ಸಂಪರ್ಕದಿಂದ ಹರಡುತ್ತೆ, ಗಂಡಸರಲ್ಲೂ ಇರುತ್ತೆ. ತುಂಬಾ ಸಾಮಾನ್ಯ, ಹಾಗಾಗಿ ಇದು ಬಂತು ಅಂದ್ರೆ ಯಾರದೋ ನಡತೆ ಸರಿಯಿಲ್ಲ ಅಂತ ಅರ್ಥ ಅಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನ ಓಡಿಸುತ್ತೆ. ಕೆಲವರಲ್ಲಿ ಉಳಿದುಬಿಡುತ್ತೆ, 15–20 ವರ್ಷ ಸದ್ದಿಲ್ಲದೆ ಕೂತು ಕ್ಯಾನ್ಸರ್ ಆಗುತ್ತೆ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.27 ಲಕ್ಷ ಹೆಂಗಸರಿಗೆ ಇದು ಬಂದಿದೆ, ಸುಮಾರು 80 ಸಾವಿರ ಜನ ತೀರಿಕೊಂಡಿದ್ದಾರೆ.

ರಾಮನಗರ, ಕನಕಪುರ, ಮಾಗಡಿ ಕಡೆ ರೇಷ್ಮೆ ಮನೆಯವರಿಗೆ ಇದನ್ನ ಅರ್ಥ ಮಾಡಿಸೋದು ಸುಲಭ. ಹುಳು ಮನೆಯನ್ನ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯೋದು ಯಾವಾಗ? ಚಾಕಿ ಹುಳು ತರೋಕೆ ಮುಂಚೆ. ಈ ಲಸಿಕೆಯೂ ಹಾಗೇ. ಒಳಗೆ ಬಂದಿರೋ ವೈರಸ್ಸನ್ನ ಅದು ಓಡಿಸಲ್ಲ, ಬರದ ಹಾಗೆ ತಡೆಯುತ್ತೆ. ಅದಕ್ಕೇ 9ರಿಂದ 14 ವರ್ಷ ಅತ್ಯುತ್ತಮ ವಯಸ್ಸು. ಆ ವಯಸ್ಸಲ್ಲಿ ದೇಹದ ಪ್ರತಿಕ್ರಿಯೆಯೂ ಜೋರಾಗಿರುತ್ತೆ. "ಇಷ್ಟು ಚಿಕ್ಕ ಹುಡುಗಿಗೆ ಇಂಥ ಲಸಿಕೆನಾ?" ಅಂತ ಅಜ್ಜಿ ಕೇಳಿದ್ರೆ, ಕ್ಯಾನ್ಸರ್ ಬರದಿರೋ ಇಂಜೆಕ್ಷನ್ ಅಜ್ಜಿ ಅನ್ನಿ, ಸಾಕು. ಅದು ಸುಳ್ಳೂ ಅಲ್ಲ.

ಈಗ 15 ದಾಟಿದವರು. 26ರವರೆಗೂ ಹಾಕಿಸ್ಕೋಬಹುದು. ಮದುವೆ ಆಗಿದ್ರೂ, ಸಂಬಂಧದಲ್ಲಿದ್ರೂ ಪರವಾಗಿಲ್ಲ. ಪ್ರಯೋಜನ ಸ್ವಲ್ಪ ಕಡಿಮೆ, ಸೊನ್ನೆ ಅಲ್ಲ. ಲಸಿಕೆಗೆ ಮುಂಚೆ ಟೆಸ್ಟ್ ಬೇಡ. 27ರಿಂದ 45ರವರು ಡಾಕ್ಟರ್ ಹತ್ರ ಮಾತಾಡಿ ನಿರ್ಧರಿಸಬೇಕು, ವಯಸ್ಸು ಹೆಚ್ಚಿದಷ್ಟೂ ಲಾಭ ಕಡಿಮೆ. ಗರ್ಭಿಣಿಯರು ಹೆರಿಗೆವರೆಗೂ ಮುಂದೂಡಬೇಕು. ಹಾಲೂಡಿಸೋ ತಾಯಂದಿರಿಗೆ ತೊಂದರೆ ಇಲ್ಲ. ಹುಡುಗರೂ ಹಾಕಿಸ್ಕೋಬಹುದು: ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್‌ಗೆ 9ರಿಂದ 26 ವರ್ಷದ ಹುಡುಗ ಹುಡುಗಿ ಇಬ್ಬರಿಗೂ ಅನುಮತಿ ಇದೆ.

ದುಡ್ಡಿನ ಲೆಕ್ಕ. ಸರ್ವಾವ್ಯಾಕ್ 2023ರಲ್ಲಿ ಖಾಸಗಿಯಾಗಿ ಬಂದಾಗ ಡೋಸ್‌ಗೆ ಸುಮಾರು 2,000 ರೂಪಾಯಿ. ಕಂಪನಿ ಲೆಕ್ಕದಲ್ಲಿ 14ರವರೆಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15ರಿಂದ ಮೂರು. ಆದ್ರೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, 20 ವರ್ಷದವರೆಗೆ ಒಂದೇ ಡೋಸ್ ಕೊಟ್ಟರೂ ನಡೆಯುತ್ತೆ ಅಂತು. ಎಚ್‌ಐವಿ ಇರುವವರಿಗೆ, ರೋಗನಿರೋಧಕ ಶಕ್ತಿ ಕಮ್ಮಿ ಇರುವವರಿಗೆ ಇದು ಅನ್ವಯಿಸಲ್ಲ.

ಆ ಒಂದು ಡೋಸ್‌ನ ಕಥೆ ನಮ್ಮ ದೇಶದ್ದೇ. 2009ರಲ್ಲಿ ಭಾರತದಲ್ಲಿ, ಎರಡು ಡೋಸ್ ಸಾಕಾ ಮೂರು ಬೇಕಾ ಅಂತ ನೋಡೋಕೆ ದೊಡ್ಡ ಅಧ್ಯಯನ ಶುರುವಾಯ್ತು. ಅದೇ ಹೊತ್ತಿಗೆ ಖಮ್ಮಂ ಮತ್ತು ವಡೋದರಾದಲ್ಲಿ ನಡೀತಿದ್ದ ಬೇರೊಂದು ಯೋಜನೆಯಲ್ಲಿ ಲಸಿಕೆ ಪಡೆದ ಕೆಲವು ಹುಡುಗಿಯರು ಸತ್ತರು, ದೇಶದಲ್ಲಿ ಗದ್ದಲ ಆಯ್ತು, 2010ರಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ತನಿಖೆಯಲ್ಲಿ ಸಾವಿಗೆ ಲಸಿಕೆ ಕಾರಣ ಅಲ್ಲ ಅಂತ ಬಂತು. ಹಾವು ಕಡಿತ, ನೀರಿಗೆ ಬಿದ್ದದ್ದು, ಮಲೇರಿಯಾ, ಇಂಥವು. ಆದ್ರೆ ಅಪ್ಪ-ಅಮ್ಮನ ಒಪ್ಪಿಗೆ ಸರಿಯಾಗಿ ಪಡೆದಿರಲಿಲ್ಲ ಅನ್ನೋದೂ ಹೊರಬಂತು. ಆ ತಪ್ಪು ನಿಜ, ಜನರ ಅನುಮಾನಕ್ಕೆ ಅದೂ ಒಂದು ಕಾರಣ. ಮೊದಲ ಅಧ್ಯಯನ ಅರ್ಧಕ್ಕೆ ನಿಂತಿದ್ದರಿಂದ ಸುಮಾರು 5,000 ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಹತ್ತು ವರ್ಷ ನೋಡಿದ್ರೆ, ಅಪಾಯಕಾರಿ 16, 18ನೇ ಬಗೆಯ ವೈರಸ್ ದೇಹದಲ್ಲಿ ಬೇರೂರದಂತೆ ತಡೆಯೋದರಲ್ಲಿ ಅವರ ರಕ್ಷಣೆ ಶೇ 95ರಷ್ಟು. ಎರಡು, ಮೂರು ಡೋಸ್‌ನವರಷ್ಟೇ.

ಹಾಗಾಗಿ ಚನ್ನಪಟ್ಟಣದ ಗೆಳತಿ, ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ತಂಗಿ ವಯಸ್ಸಿಗೆ ಸರ್ಕಾರದಿಂದ ಉಚಿತವಾಗಿ ಸಿಗುತ್ತಾ ಅಂತ. ಸಿಕ್ಕರೆ ಉಳಿಸಿದ ದುಡ್ಡು ನಿಮಗೇ ಆಯ್ತು. ಹಾಕಿಸಿದ ಮೇಲೆ 15 ನಿಮಿಷ ಕೂತಿರಿ, ಕೆಲವರಿಗೆ ತಲೆ ಸುತ್ತುತ್ತೆ. ತೋಳು ನೋಯುತ್ತೆ. ಮಕ್ಕಳಾಗಲ್ಲ ಅನ್ನೋದು ವಾಟ್ಸಾಪ್ ಸುದ್ದಿ.

ಅಮ್ಮನ ವಿಷಯ. 30ರಿಂದ 65ರ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕು ಅಂತ ಸರ್ಕಾರಿ ಕಾರ್ಯಕ್ರಮವೇ ಇದೆ. ವಿನೆಗರ್‌ನಂಥ ದ್ರಾವಣ ಹಚ್ಚಿ ಬಿಳಿ ಮಚ್ಚೆ ಕಾಣುತ್ತಾ ನೋಡ್ತಾರೆ, ಕೆಲವೇ ನಿಮಿಷ. ಮಚ್ಚೆ ಕಂಡ್ರೆ ಕ್ಯಾನ್ಸರ್ ಅಂತಲ್ಲ, ಮುಂದಿನ ಪರೀಕ್ಷೆ ಬೇಕು ಅಂತ. ಕ್ಯಾನ್ಸರ್ ಆಗೋ ಮುಂಚಿನ ಹಂತದಲ್ಲೇ ಸಿಕ್ಕರೆ ಪೂರ್ತಿ ವಾಸಿ ಮಾಡಬಹುದು. ಮುಟ್ಟು ನಿಂತ ಮೇಲೆ ರಕ್ತ, ಸಂಭೋಗದ ನಂತರ ರಕ್ತ, ವಾಸನೆಯ ಬಿಳಿಸೆರಗು ಇದ್ರೆ ತಪಾಸಣೆ ದಿನಕ್ಕೆ ಕಾಯಬೇಡಿ, ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಅಮ್ಮ ನಾಚಿಕೊಂಡು ಮುಂದೂಡ್ತಾರೆ. ನೀವೇ ಜೊತೆಗೆ ಹೋಗಿ.

ಲಸಿಕೆ ಹಾಕಿಸ್ಕೊಂಡ ನಿಮಗೂ 30ರ ನಂತರ ಈ ಪರೀಕ್ಷೆ ತಪ್ಪಲ್ಲ, ಯಾಕಂದ್ರೆ ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯಲ್ಲ.