ನಾತ ಬೀರುವ ಹೂವು

ಬೇಸಿಗೆಯ ಮೊದಲ ಮಳೆ ಬಿದ್ದಮೇಲೆ ಬಿಟ್ಟಂಗಾಲದ ಕಡೆ ಹಿತ್ತಲಲ್ಲೋ ಗದ್ದೆಯಂಚಿನಲ್ಲೋ ಸತ್ತ ಇಲಿಯ ನಾತ ಬಂದರೆ ಮೊದಲು ನೆಲ ನೋಡಬೇಕು. ಎಲೆಯೇ ಇಲ್ಲದೆ ಮಣ್ಣಿನಿಂದೆದ್ದ ಕಂದುಗೆಂಪು ಹೂಗೊಂಚಲು ಕಂಡೀತು. ಅದು ಸುವರ್ಣಗೆಡ್ಡೆ. ಅಲ್ಲಿ ಕೊಳೆತದ್ದೇನೂ ಇಲ್ಲ. ಕೊಳೆಯುವ ಮಾಂಸದಿಂದ ಹೊರಡುವ ಗಂಧಕದ ಸಂಯುಕ್ತಗಳನ್ನೇ ಹೂವು ತಯಾರಿಸಿ, ಒಡಲು ಬಿಸಿಮಾಡಿಕೊಂಡು ಗಾಳಿಗೆ ತೂರುತ್ತದೆ. ಮೋಸಹೋದ ಜೀರುಂಡೆಗಳು ಇನ್ನೊಂದು ಹೂವಿನ ಪರಾಗ ಹೊತ್ತು ಒಳಗಿಳಿಯುತ್ತವೆ.

ಕೆಸುವಿನ ಬಳಗದ ಹೂಗಳು ಹೀಗೆ ಬಿಸಿಯಾಗುವುದನ್ನು ಫ್ರಾನ್ಸಿನ ಲಾಮಾರ್ಕ್ 1778ರಲ್ಲೇ ಗುರುತಿಸಿದ್ದರು. ಅದೇ ಬಳಗದ ‘ಸ್ಕಂಕ್ ಕ್ಯಾಬೇಜ್’ ಉತ್ತರ ಅಮೆರಿಕದ ಜೌಗಿನಲ್ಲಿ ವಸಂತಕ್ಕೆ ಮೊದಲೇ ಸುತ್ತಲ ಹಿಮ ಕರಗಿಸಿ ಅರಳುತ್ತದೆ.

ನಮ್ಮ ಗೆಡ್ಡೆಗೆ ಹಿಮದ ಕಾಟವಿಲ್ಲ, ಮೂಗು ಮುಚ್ಚಿಕೊಂಡು ಕಿತ್ತೆಸೆಯುವವರದೇ ಕಾಟ! ನಾತ ಒಂದೆರಡು ದಿನದ್ದು. ಸಹಿಸಿಕೊಂಡರೆ ಮುಂದೆ ಕೊಡೆಯಂಥ ಎಲೆ ಬಿಚ್ಚಿ, ಅಡಿಯಲ್ಲಿ ಗೆಡ್ಡೆ ಬಲಿಯುತ್ತದೆ. ನಾಲಿಗೆ ತುರಿಸದಂತೆ ಹುಳಿ ಹಾಕಿ ಬೇಯಿಸುವುದು ಅಡುಗೆಮನೆಯ ಕೆಲಸ.